ಸೋತವರು ಮನೆಗೆ ಹೋಗಲು ಕಲಿತ ದೇಶ

ಮ್ಯಾಡ್ರಿಡ್ ನಗರದ ಸಂಸತ್ ಭವನದಲ್ಲಿ ಸ್ಪೇನಿನ ಕೆಳಮನೆ ಸೇರುವ ಸಭಾಂಗಣದ ಚಾವಣಿ ಬಲು ಅಲಂಕಾರದ್ದು. ಆ ಚಿತ್ರ, ಕುಸುರಿಗಳ ನಡುವೆ ಅಲ್ಲಲ್ಲಿ ತೂತುಗಳಿವೆ. ಭವನ ನೋಡಲು ಬಂದವರು ಮೊದಲು ತಲೆ ಎತ್ತಿ ಹುಡುಕುವುದು ಅವನ್ನೇ. ಅವು ಬಂದೂಕಿನ ಗುಂಡಿನ ಗುರುತುಗಳು. ಹಾರಿಸಿದವರು ಹೊರಗಿನ ಶತ್ರುಗಳಲ್ಲ, ಆ ದೇಶದ್ದೇ ಸಮವಸ್ತ್ರ ತೊಟ್ಟ ಸಿವಿಲ್ ಗಾರ್ಡ್ ಪಡೆಯವರು.

1981ರ ಫೆಬ್ರುವರಿ 23, ಸೋಮವಾರ ಸಂಜೆ. ಹೊಸ ಪ್ರಧಾನಿಯ ಆಯ್ಕೆಗೆ ಮತದಾನ ನಡೆದಿತ್ತು. ಒಬ್ಬೊಬ್ಬ ಸದಸ್ಯನ ಹೆಸರು ಕೂಗುವುದು, ಆತ ಕುಳಿತಲ್ಲಿಂದಲೇ ಹೌದು ಅಥವಾ ಇಲ್ಲ ಎನ್ನುವುದು. ಗಂಟೆ 6.23 ಆಗಿದ್ದಾಗ ಲೆಫ್ಟಿನೆಂಟ್ ಕರ್ನಲ್ ಅಂತೋನಿಯೊ ತೆಹೆರೊ ಪಿಸ್ತೂಲು ಹಿಡಿದು ಒಳನುಗ್ಗಿ ವೇದಿಕೆ ಏರಿದ. ಆತನ ಜತೆ ಭವನವನ್ನು ಮುತ್ತಿದವರು ಸುಮಾರು 200 ಮಂದಿ. ‘ಯಾರೂ ಅಲುಗಾಡಬೇಡಿ’ ಎಂದು ಅಬ್ಬರಿಸಿದ. ಚಾವಣಿಯತ್ತ ಗುಂಡುಗಳು ಹಾರಿದವು. ದೇಶದ ಜನ ಆರಿಸಿ ಕಳಿಸಿದ್ದ ಸದಸ್ಯರು ಬೆಂಚುಗಳ ಕೆಳಗೆ ಮುದುಡಿದರು.

ಟೆಲಿವಿಷನ್ ಕ್ಯಾಮೆರಾ ಒಂದು ಚಾಲೂ ಇತ್ತು. ಆಕ್ರಮಣಕಾರರಿಗೆ ಅದು ಗೊತ್ತಾಗದೆ ಅರ್ಧ ಗಂಟೆಯಷ್ಟು ಚಿತ್ರೀಕರಣ ನಡೆದುಹೋಯಿತು. ಆ ಚಿತ್ರಗಳನ್ನು ಈಗ ಯಾರು ಬೇಕಾದರೂ ನೋಡಬಹುದು. ಕಚೇರಿಯಲ್ಲಿ ಕೆಲಸ ಮುಗಿದ ಮೇಲೆ ನಾನು ಅದನ್ನು ಎರಡು ಮೂರು ಬಾರಿ ನೋಡಿದ್ದೇನೆ. ಖಾಲಿಯಾದಂತೆ ಕಾಣುವ ಆ ಕೆಂಪು ಬೆಂಚುಗಳ ಸಾಲಿನಲ್ಲಿ ಮೂವರು ಮಾತ್ರ ಬಾಗದೆ ಉಳಿದಿದ್ದಾರೆ. ಒಬ್ಬ, ನಿರ್ಗಮಿಸುತ್ತಿದ್ದ ಪ್ರಧಾನಿ ಅಡೋಲ್ಫೊ ಸುವಾರೆಸ್. ಇನ್ನೊಬ್ಬ, ಉಪಪ್ರಧಾನಿಯಾಗಿದ್ದ 68 ವರ್ಷದ ಮುದಿ ಜನರಲ್ ಗುತಿಯೆರೆಸ್ ಮೆಯಾದೊ. ಬಂದೂಕುಗಳ ನಡುವೆ ಬರಿಗೈಯಲ್ಲಿ ನಿಂತ ಈ ಬಡಕಲು ದೇಹದವರನ್ನು ತೆಹೆರೊ ನೆಲಕ್ಕೆ ಕೆಡವಲು ನೋಡಿ ಸೋತ. ಮೂರನೆಯವ ಕಮ್ಯುನಿಸ್ಟ್ ನಾಯಕ ಸಾಂತಿಯಾಗೊ ಕಾರಿಯೊ. ಆತ ತನ್ನ ಜಾಗದಲ್ಲಿ ಕೂತು ಸಿಗರೇಟು ಸೇದುತ್ತಿದ್ದ!

ಸ್ಪೇನನ್ನು ಸುಮಾರು ನಾಲ್ಕು ದಶಕ ಆಳಿದ ಸರ್ವಾಧಿಕಾರಿ ಜನರಲ್ ಫ್ರಾಂಕೊ ಸತ್ತು ಆಗಲೇ ಐದು ವರ್ಷ ಕಳೆದಿತ್ತು. ಎರಡು ಸಾರ್ವತ್ರಿಕ ಚುನಾವಣೆಗಳು ನಡೆದಿದ್ದವು. ಹೊಸ ಸಂವಿಧಾನವೂ ಬಂದಿತ್ತು. ಇಷ್ಟೆಲ್ಲ ಆದ ಮೇಲೂ ಸಂಸತ್ತಿನೊಳಗೆ ಪಿಸ್ತೂಲು ಬಂತೆಂದರೆ ಆ ಚುನಾವಣೆಗಳು ಮಾಡಿದ್ದಾದರೂ ಏನು?

ನಮ್ಮಲ್ಲಿ ಮತ ಎಣಿಕೆಯ ವರದಿಗೆ ಹೋದವರಿಗೆಲ್ಲ ಒಂದು ದೃಶ್ಯ ಪರಿಚಿತ. ಒಂದಷ್ಟು ಸುತ್ತು ಮುಗಿಯುವ ಹೊತ್ತಿಗೆ ಹಿಂದೆ ಬಿದ್ದವನ ಏಜೆಂಟರು ಕೂಡಿ ಕಳೆದು ನೋಡಿ ಸುಮ್ಮನೆ ಹಾಳೆ ಮಡಚಿ ಜೇಬಿಗಿಡುತ್ತಾರೆ. ಅಭ್ಯರ್ಥಿ ಯಾರ ಕಣ್ಣಿಗೂ ಬೀಳದಂತೆ ಕಾರು ಹತ್ತುತ್ತಾರೆ. ಫೋಟೊಗ್ರಾಫರುಗಳು ಆಗ ಗೆದ್ದವರ ಹಾರ, ಪಟಾಕಿಗಳ ಕಡೆ ಓಡುತ್ತಿರುತ್ತಾರೆ. ಸೋತವರು ಮನೆಗೆ ಹೋದದ್ದನ್ನು ನಾವು ಸುದ್ದಿ ಎಂದು ಬರೆಯುವುದೇ ಇಲ್ಲ. ಆದರೆ ಸ್ಪೇನಿನ ಕಥೆ ಓದುತ್ತ ಹೋದಂತೆ, ಚುನಾವಣೆಯ ಅತಿ ದೊಡ್ಡ ಸುದ್ದಿ ಅದೇ ಇರಬೇಕು ಅನ್ನಿಸುತ್ತದೆ.

ಏಕೆಂದರೆ ಆ ದೇಶದ ದುರಂತ ಶುರುವಾದದ್ದೇ ಸೋಲನ್ನು ಒಪ್ಪದವರಿಂದ. 1936ರ ಫೆಬ್ರುವರಿಯ ಚುನಾವಣೆಯಲ್ಲಿ ಎಡಪಂಥೀಯ ಪಕ್ಷಗಳ ರಂಗ ಗೆದ್ದಿತು. ಐದೇ ತಿಂಗಳಲ್ಲಿ ಸೇನೆಯ ಒಂದು ಭಾಗ ಬಂಡೆದ್ದಿತು. ಮೂರು ವರ್ಷ ಅಂತರ್ಯುದ್ಧ ನಡೆದು ಲಕ್ಷಾಂತರ ಜನ ಸತ್ತರು. ಗೆದ್ದ ಫ್ರಾಂಕೊ 1975ರ ನವೆಂಬರ್ 20ರಂದು ಸಾಯುವ ತನಕ ಗದ್ದುಗೆ ಬಿಡಲಿಲ್ಲ. ಪಕ್ಷಗಳಿಲ್ಲ, ಸ್ವತಂತ್ರ ಕಾರ್ಮಿಕ ಸಂಘಗಳಿಲ್ಲ. ‘ಕೋರ್ತೆಸ್’ ಎಂಬ ಹೆಸರಿನ ಸಂಸತ್ತು ಇತ್ತಾದರೂ ಅದು ತಲೆದೂಗುವವರ ಸಭೆ. ತನ್ನ ನಂತರವೂ ಎಲ್ಲ ಹೀಗೆಯೇ ಇರಲೆಂದು ಫ್ರಾಂಕೊ 1969ರಲ್ಲೇ ರಾಜವಂಶದ ಯುವಕ ಹ್ವಾನ್ ಕಾರ್ಲೋಸ್‌ನನ್ನು ಉತ್ತರಾಧಿಕಾರಿ ಎಂದು ಘೋಷಿಸಿದ್ದ. ಎಲ್ಲವನ್ನೂ ಕಟ್ಟಿಟ್ಟಿದ್ದೇನೆ, ಭದ್ರವಾಗಿ ಕಟ್ಟಿಟ್ಟಿದ್ದೇನೆ ಎಂದು ಹೇಳಿಕೊಂಡಿದ್ದ.

ಕುಳಿತ ಕೊಂಬೆ ಕಡಿದವರು

ಆ ಗಂಟು ಬಿಚ್ಚಿದವರು ಹೊರಗಿನವರಲ್ಲ. 1976ರ ಜುಲೈಯಲ್ಲಿ ದೊರೆ ಹ್ವಾನ್ ಕಾರ್ಲೋಸ್ ಪ್ರಧಾನಿಯಾಗಿ ನೇಮಿಸಿದ ಸುವಾರೆಸ್‌ಗೆ ಆಗ 43 ವರ್ಷ. ಫ್ರಾಂಕೊನ ಕಾಲದ ಸರ್ಕಾರಿ ಟೆಲಿವಿಷನ್ನಿನ ಮುಖ್ಯಸ್ಥನಾಗಿದ್ದವ. ಆ ಆಡಳಿತದ ಏಕೈಕ ರಾಜಕೀಯ ಸಂಘಟನೆಯಾದ ‘ಮೊವಿಮಿಯೆಂತೊ’ದ ಪ್ರಧಾನ ಕಾರ್ಯದರ್ಶಿ. ಪ್ರಜಾಪ್ರಭುತ್ವ ಬೇಕೆಂದವರು ಈ ನೇಮಕ ಕೇಳಿ ಹಣೆ ಚಚ್ಚಿಕೊಂಡರು. ಆದರೆ ಈ ಮನುಷ್ಯನಿಗೆ ಆ ಮನೆಯ ಕೀಲಿ ಎಲ್ಲೆಲ್ಲಿದೆ ಎಂಬುದು ಗೊತ್ತಿತ್ತು.

ಉಪಾಯ ಹೊಳೆದದ್ದು ಕೋರ್ತೆಸ್‌ನ ಅಧ್ಯಕ್ಷ ತೊರ್ಕುವಾತೊ ಫೆರ್ನಾಂಡೆಸ್ ಮಿರಾಂಡಾಗೆ. ಈತ ಕಾನೂನಿನ ಪ್ರಾಧ್ಯಾಪಕ, ಹ್ವಾನ್ ಕಾರ್ಲೋಸ್‌ಗೆ ಪಾಠ ಹೇಳಿದ್ದವ. ಕಾನೂನಿನಿಂದ ಕಾನೂನಿಗೆ ಕಾನೂನಿನ ಮೂಲಕವೇ ಹೋಗೋಣ ಎಂಬುದು ಆತನ ಲೆಕ್ಕ. ಫ್ರಾಂಕೊ ಮಾಡಿಟ್ಟ ಮೂಲ ಕಾನೂನುಗಳಲ್ಲೇ ಹೊಸ ಮೂಲ ಕಾನೂನು ಸೇರಿಸಲು ಅವಕಾಶವಿತ್ತು. ಹಾಗೆ ಸೇರಿಸುವ ಕಾನೂನು ಹಳೆಯದೆಲ್ಲವನ್ನೂ ತಿಂದು ಹಾಕುವಂಥದ್ದಾದರೆ? ಸಾರ್ವತ್ರಿಕ ಮತದಾನದಿಂದ ಆಯ್ಕೆಯಾಗುವ ಎರಡು ಸದನಗಳ ಸಂಸತ್ತು ರಚಿಸುವ ‘ರಾಜಕೀಯ ಸುಧಾರಣಾ ಕಾಯಿದೆ’ ಹೀಗೆ ಕೋರ್ತೆಸ್ ಮುಂದೆ ಬಂತು. ಒಪ್ಪಿದರೆ ಒಪ್ಪಿದವರಿಗೇ ಕುರ್ಚಿ ಇಲ್ಲ.

1976ರ ನವೆಂಬರ್ 18ರಂದು ಒಬ್ಬೊಬ್ಬರ ಹೆಸರು ಕೂಗಿ ಮತ ಕೇಳಲಾಯಿತು. ಪರ 425, ವಿರೋಧ 59, ತಟಸ್ಥರು 13. ಫ್ರಾಂಕೊನ ಸಂಸತ್ತು ತಾನು ಕುಳಿತ ಕೊಂಬೆಯನ್ನು ತಾನೇ ಕಡಿದುಕೊಂಡಿತು! ಇದು ಹೃದಯ ಪರಿವರ್ತನೆ ಎಂದು ನಾನು ನಂಬಲಾರೆ. ಮುಂದಿನ ಚುನಾವಣೆಯಲ್ಲಿ ನಾವೇ ಗೆಲ್ಲುತ್ತೇವೆ ಎಂಬ ಧೈರ್ಯ ಕೆಲವರಿಗೆ, ಹೊಸ ಸೆನೆಟ್‌ನಲ್ಲಿ ಜಾಗ ಸಿಕ್ಕೀತೆಂಬ ಆಸೆ ಕೆಲವರಿಗೆ, ದೊರೆಯ ಮಾತು ಮೀರುವುದು ಹೇಗೆಂಬ ಅಳುಕು ಹಲವರಿಗೆ. ಡಿಸೆಂಬರ್ 15ರ ಜನಮತಗಣನೆಯಲ್ಲಿ ಮತ ಹಾಕಬೇಡಿ ಎಂದು ವಿರೋಧ ಪಕ್ಷಗಳು ಕರೆ ಕೊಟ್ಟವು. ಜನ ಕೇಳಲಿಲ್ಲ. ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮತದಾರರು ಬಂದರು, ಬಂದವರಲ್ಲಿ ಶೇ. 94 ಮಂದಿ ‘ಹೌದು’ ಎಂದರು.

ಕಷ್ಟದ ಪ್ರಶ್ನೆ ಕಮ್ಯುನಿಸ್ಟರದ್ದು. ಅಂತರ್ಯುದ್ಧದಲ್ಲಿ ಗೆದ್ದ ಸೇನೆಯ ಪಾಲಿಗೆ ಅವರು ವೈರಿಗಳಲ್ಲಿ ವೈರಿಗಳು. ಅವರನ್ನು ಬಿಟ್ಟು ಚುನಾವಣೆ ನಡೆಸಿದರೆ ಜಗತ್ತು ನಂಬದು. ಸೇರಿಸಿಕೊಂಡರೆ ಸೇನೆ ಸುಮ್ಮನಿರದು. ಕಾರಿಯೊ ವಿಗ್ ಧರಿಸಿ ಕದ್ದು ದೇಶದೊಳಗೆ ಬಂದು ಓಡಾಡುತ್ತಿದ್ದ ಕಾಲ ಅದು. 1977ರ ಜನವರಿ 24ರ ರಾತ್ರಿ ಮ್ಯಾಡ್ರಿಡ್‌ನ ಅತೋಚಾ ರಸ್ತೆಯಲ್ಲಿ, ಕಾರ್ಮಿಕರ ಪರ ಕೆಲಸ ಮಾಡುತ್ತಿದ್ದ ವಕೀಲರ ಕಚೇರಿಗೆ ನುಗ್ಗಿದ ಬಲಪಂಥೀಯ ಬಂದೂಕುಧಾರಿಗಳು ಐವರನ್ನು ಕೊಂದರು. ಕಮ್ಯುನಿಸ್ಟರು ರೊಚ್ಚಿಗೆದ್ದು ಬೀದಿಗಿಳಿಯಲಿ, ಸೇನೆಗೆ ನೆಪ ಸಿಗಲಿ ಎಂಬುದೇ ಕೊಂದವರ ಉದ್ದೇಶ. ಶವಯಾತ್ರೆಗೆ ಜನಸಾಗರ ಸೇರಿತು. ಒಂದು ಕಲ್ಲೂ ಹಾರಲಿಲ್ಲ. ಮುಷ್ಟಿ ಎತ್ತಿ ಮೌನವಾಗಿ ನಿಂತರು. ಆ ಮೌನ ಪಕ್ಷದ ಪರವಾಗಿ ಯಾವ ಭಾಷಣವೂ ಮಾಡಲಾಗದ ವಾದ ಮಾಡಿತು.

ಏಪ್ರಿಲ್ 9, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ರಾಜಧಾನಿಯ ದೊಡ್ಡವರೆಲ್ಲ ರಜೆಗೆ ಹೋಗಿದ್ದ ದಿನ ನೋಡಿಯೇ ಸುವಾರೆಸ್ ಪಕ್ಷವನ್ನು ಕಾನೂನುಬದ್ಧಗೊಳಿಸಿದ. ನೌಕಾ ಸಚಿವ ರಾಜೀನಾಮೆ ಬಿಸಾಕಿದ. ಸೇನಾಧಿಕಾರಿಗಳು ಹಲ್ಲು ಕಡಿದು ಸುಮ್ಮನಾದರು. ಪ್ರತಿಯಾಗಿ ಕಾರಿಯೊ ರಾಜಪ್ರಭುತ್ವವನ್ನೂ ಕೆಂಪು–ಹಳದಿ ಬಾವುಟವನ್ನೂ ಒಪ್ಪಿಕೊಂಡ. ಗಣರಾಜ್ಯದ ಬೇರೆ ಬಾವುಟದಡಿ ಹೋರಾಡಿ ಸತ್ತವರ ಪಕ್ಷಕ್ಕೆ ಅದು ಸಣ್ಣ ತುತ್ತಲ್ಲ.

ನಲವತ್ತೊಂದು ವರ್ಷದ ಮೇಲೆ

ನಮ್ಮಲ್ಲಿ ತುರ್ತು ಪರಿಸ್ಥಿತಿಯ ನಂತರದ ಚುನಾವಣೆ ಮುಗಿದು ಮೂರು ತಿಂಗಳಿಗೆ, 1977ರ ಜೂನ್ 15ರಂದು ಸ್ಪೇನ್ ಮತ ಹಾಕಿತು. ಹಿಂದೆ ಒಮ್ಮೆಯಾದರೂ ಪಕ್ಷಗಳ ನಡುವೆ ಆರಿಸಿ ಮತ ಹಾಕಿದ್ದವರಿಗೆಲ್ಲ ಅರವತ್ತು ದಾಟಿತ್ತು. ಸುಮಾರು ಶೇ. 79ರಷ್ಟು ಮತದಾನವಾಯಿತು. 1936ರಲ್ಲಿ ಅಸ್ತೂರಿಯಾಸ್ ಪ್ರಾಂತ್ಯದಿಂದ ಆರಿಸಿ ಬಂದು, ಯುದ್ಧದ ಸೋಲಿನೊಂದಿಗೆ ದೇಶ ಬಿಟ್ಟು, ಮಾಸ್ಕೊದಲ್ಲಿ ದಶಕಗಳ ಕಾಲ ಕಳೆದ ಕಮ್ಯುನಿಸ್ಟ್ ನಾಯಕಿ ದೊಲೊರೆಸ್ ಇಬಾರುರಿ ಚುನಾವಣೆಗೆ ಒಂದು ತಿಂಗಳು ಮೊದಲು ಮರಳಿದ್ದರು. ಅದೇ ಅಸ್ತೂರಿಯಾಸ್ 81 ವರ್ಷದ ಆ ಅಜ್ಜಿಯನ್ನು ಮತ್ತೆ ಆರಿಸಿ ಕಳಿಸಿತು.

ಫಲಿತಾಂಶ ಎಲ್ಲರ ಎಣಿಕೆಯನ್ನೂ ತಲೆಕೆಳಗು ಮಾಡಿತು. ಕಮ್ಯುನಿಸ್ಟರಿಗೆ 350ರಲ್ಲಿ 20 ಸ್ಥಾನ. ಫ್ರಾಂಕೊನ ಮಾಜಿ ಸಚಿವ ಮಾನುಯೆಲ್ ಫ್ರಾಗಾ ಮುಂದಾಳಾಗಿದ್ದ ‘ಪಾಪ್ಯುಲರ್ ಅಲಯನ್ಸ್’ಗೆ 16. ಫ್ರಾಂಕೊ ಹೆಸರನ್ನೇ ಜಪಿಸಿದ ಉಗ್ರ ಬಲಪಂಥೀಯರಿಗೆ ಸೊನ್ನೆ. ಸುವಾರೆಸ್ ಕಟ್ಟಿದ ಮಧ್ಯಪಂಥದ ಯು.ಸಿ.ಡಿ. ಒಕ್ಕೂಟ ಮೊದಲು ಬಂತು. ಆದರೂ ಬಹುಮತಕ್ಕೆ ಬೇಕಿದ್ದ 176ಕ್ಕೆ ಹತ್ತರಷ್ಟು ಕಡಿಮೆ. ಸೆವಿಲ್ಲಾದ ವಕೀಲ, ಮೂವತ್ತೈದರ ಫೆಲಿಪೆ ಗೊನ್ಸಾಲೆಸ್ ನೇತೃತ್ವದ ಸಮಾಜವಾದಿ ಪಕ್ಷಕ್ಕೆ 118.

ಇಲ್ಲಿ ಕಾಣದ ಕೈ ಒಂದಿತ್ತು, ಚುನಾವಣಾ ನಿಯಮದ್ದು. ಸ್ಥಾನ ಹಂಚುವುದು ಪ್ರಾಂತ್ಯವಾರು. ಎಷ್ಟೇ ಸಣ್ಣ ಪ್ರಾಂತ್ಯಕ್ಕೂ ಕನಿಷ್ಠ ಸ್ಥಾನಗಳ ಖಾತ್ರಿ. ಲಕ್ಷದ ಆಸುಪಾಸಿನ ಜನರಿದ್ದ ಸೋರಿಯಾಗೆ ಮೂರು ಸ್ಥಾನ, ಹತ್ತಾರು ಲಕ್ಷ ಜನರ ಮ್ಯಾಡ್ರಿಡ್‌ಗೆ 32. ಹಳ್ಳಿಗಾಡಿನ ಸಂಪ್ರದಾಯಸ್ಥ ಮತಕ್ಕೆ ತೂಕ ಹೆಚ್ಚು. ಯು.ಸಿ.ಡಿ. ಪಡೆದ ಮತ ಶೇ. 34ರಷ್ಟು, ಸ್ಥಾನ ಶೇ. 47ರಷ್ಟು. ಇದು ಅನ್ಯಾಯವೆಂದು ಎಡಪಕ್ಷಗಳು ಗೊಣಗಿದವು. ಅವರ ಗೊಣಗಾಟದಲ್ಲಿ ಹುರುಳಿತ್ತು. ಹಾಗಿದ್ದೂ ಸಭೆ ಬಹಿಷ್ಕರಿಸದೆ ಬಂದು ಕೂತರು.

ಬಂದು ಕೂತವರು ಮಾಡಿದ ಕೆಲಸವೇ ಸ್ವಾರಸ್ಯದ್ದು. ಆಗ ಬೆಲೆ ಏರಿಕೆ ವರ್ಷಕ್ಕೆ ಶೇ. 26 ಮುಟ್ಟಿತ್ತು. ಅಕ್ಟೋಬರ್ 25ರಂದು ಪ್ರಧಾನಿ ನಿವಾಸ ‘ಮೊಂಕ್ಲೋವಾ’ದಲ್ಲಿ ಸಂಸತ್ತಿನ ಮುಖ್ಯ ಪಕ್ಷಗಳೆಲ್ಲ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕೂಲಿ ಏರಿಕೆಗೆ ಮಿತಿ ಹಾಕಲು ಕಮ್ಯುನಿಸ್ಟರು ಒಪ್ಪಿದರು. ತೆರಿಗೆ ಸುಧಾರಣೆಗೆ ಸರ್ಕಾರ ಒಪ್ಪಿತು. ಮರುವರ್ಷ ಬೆಲೆ ಏರಿಕೆ ಶೇ. 16ರ ಸುತ್ತ ಇಳಿಯಿತು. ಸಂವಿಧಾನದ ಕರಡು ಬರೆದ ಏಳು ಮಂದಿಯಲ್ಲಿ ಆಳುವ ಪಕ್ಷದವರು ಮೂವರೇ. ಉಳಿದವರಲ್ಲಿ ಒಬ್ಬ ಸಮಾಜವಾದಿ, ಒಬ್ಬ ಕಮ್ಯುನಿಸ್ಟ್, ಒಬ್ಬ ಕ್ಯಾಟಲನ್ ರಾಷ್ಟ್ರೀಯವಾದಿ, ಜತೆಗೆ ಸ್ವತಃ ಫ್ರಾಗಾ. ಬಾಸ್ಕ್ ರಾಷ್ಟ್ರೀಯವಾದಿಗಳಿಗೆ ಮಾತ್ರ ಆ ಮೇಜಿನಲ್ಲಿ ಜಾಗ ಸಿಗಲಿಲ್ಲ. 1978ರ ಡಿಸೆಂಬರ್ 6ರಂದು ದೇಶ ಸಂವಿಧಾನ ಒಪ್ಪಿದಾಗ ಬಾಸ್ಕ್ ನಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಬರಲಿಲ್ಲ. ಆ ಲೋಪಕ್ಕೆ ಸ್ಪೇನ್ ಬಹುಕಾಲ ಬೆಲೆ ತೆತ್ತಿತು.

ಆ ರಾತ್ರಿ

1979ರ ಮಾರ್ಚ್‌ನಲ್ಲಿ ಸುವಾರೆಸ್ ಮತ್ತೆ ಗೆದ್ದರೂ ಜನರ ಉತ್ಸಾಹ ಸೋರಿಹೋಗಿತ್ತು. ನಿರುದ್ಯೋಗ ಏರುತ್ತಿತ್ತು. ಬಾಸ್ಕ್ ಪ್ರತ್ಯೇಕತೆಗಾಗಿ ಬಂದೂಕು ಹಿಡಿದ ‘ಈಟಾ’ ಸಂಘಟನೆ 1980ರ ಒಂದೇ ವರ್ಷದಲ್ಲಿ 90ಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಪೊಲೀಸರು, ಸೈನಿಕರು ಬಹಳ. ಸೇನಾ ಬ್ಯಾರಕ್ಕುಗಳಲ್ಲಿ ಗುಸುಗುಸು ಶುರುವಾಯಿತು. 1978ರಲ್ಲೇ ಮ್ಯಾಡ್ರಿಡ್‌ನ ‘ಗಲಾಕ್ಸಿಯಾ’ ಎಂಬ ಕೆಫೆಯಲ್ಲಿ ಕೂತು ಸರ್ಕಾರ ಉರುಳಿಸುವ ಸಂಚು ಹೂಡಿದ್ದು ಬಯಲಾಗಿತ್ತು. ಸಂಚಿನ ಮುಖ್ಯ ಪಾತ್ರಧಾರಿಗೆ ಸಿಕ್ಕ ಶಿಕ್ಷೆ ಏಳು ತಿಂಗಳು ಮಾತ್ರ. ಆತನ ಹೆಸರು ಅಂತೋನಿಯೊ ತೆಹೆರೊ! ಮೊದಲ ತಪ್ಪಿಗೆ ಕಿವಿ ಹಿಂಡಿ ಬಿಟ್ಟವರಿಗೆ ಎರಡನೆಯದು ಸಂಸತ್ತಿನೊಳಗೇ ಎದುರಾಯಿತು.

ಸ್ವಪಕ್ಷದವರ ಕಾಲೆಳೆತದಿಂದ ಬೇಸತ್ತ ಸುವಾರೆಸ್ 1981ರ ಜನವರಿ ಕೊನೆಯಲ್ಲಿ ರಾಜೀನಾಮೆ ಕೊಟ್ಟ. ಆತನ ಜಾಗಕ್ಕೆ ಲಿಯೊಪೊಲ್ದೊ ಕಾಲ್ವೊ ಸೊತೆಲೊನನ್ನು ಆರಿಸುವ ಮತದಾನದ ನಡುವೆಯೇ ಮೊದಲು ಹೇಳಿದ ಪ್ರಸಂಗ ನಡೆದದ್ದು. ಅತ್ತ ವಲೆನ್ಸಿಯಾದಲ್ಲಿ ಜನರಲ್ ಮಿಲಾನ್ಸ್ ದೆಲ್ ಬೋಸ್ಕ್ ಬೀದಿಗೆ ಟ್ಯಾಂಕುಗಳನ್ನು ಇಳಿಸಿದ. ಟೆಲಿವಿಷನ್ ಕೇಂದ್ರ ಸ್ವಲ್ಪ ಹೊತ್ತು ಸೈನಿಕರ ವಶವಾಯಿತು. ಜನ ಮನೆಯ ಬಾಗಿಲು ಹಾಕಿಕೊಂಡು ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತರು. 1936ನ್ನು ಕಂಡಿದ್ದ ವೃದ್ಧರ ಮನಸ್ಸಿನಲ್ಲಿ ಏನು ಹಾದುಹೋಗಿರಬೇಕು?

ಬಂಡಾಯ ಮುರಿದುಬಿದ್ದ ಬಗೆಯಲ್ಲಿ ವಿಡಂಬನೆಯೂ ಇದೆ. ದೊರೆಯ ಹಳೆಯ ಕಾರ್ಯದರ್ಶಿ ಜನರಲ್ ಅರ್ಮಾದಾ ಮಧ್ಯರಾತ್ರಿಯ ವೇಳೆಗೆ ಸಂಸತ್ತಿಗೆ ಬಂದ. ತಾನು ಪ್ರಧಾನಿಯಾಗಿ ಎಲ್ಲ ಪಕ್ಷಗಳ ಸರ್ಕಾರ ರಚಿಸುವುದು ಆತನ ಯೋಜನೆ. ಆ ಪಟ್ಟಿಯಲ್ಲಿ ಸಮಾಜವಾದಿಗಳು, ಕಮ್ಯುನಿಸ್ಟರೂ ಇದ್ದುದನ್ನು ಕಂಡು ತೆಹೆರೊ ಕೆಂಡವಾದ. ಇವರಿಗಾಗಿಯೇ ತಾನು ಗುಂಡು ಹಾರಿಸಿದ್ದು ಎಂದು ಆತನನ್ನು ಒಳಗೆ ಬಿಡಲೇ ಇಲ್ಲ. ಅತ್ತ ದೊರೆ ಒಬ್ಬೊಬ್ಬ ಪ್ರಾಂತೀಯ ಸೇನಾಪತಿಗೂ ಫೋನ್ ಮಾಡಿ, ರಾತ್ರಿ 1.14ಕ್ಕೆ ಮಹಾದಂಡನಾಯಕನ ಸಮವಸ್ತ್ರದಲ್ಲಿ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಸಂವಿಧಾನದ ವಿರುದ್ಧದ ಯಾವ ಕ್ರಮವನ್ನೂ ಸಹಿಸುವುದಿಲ್ಲ ಎಂದ. ಮರುದಿನ ಮಧ್ಯಾಹ್ನ ತೆಹೆರೊ ಶರಣಾದ. (ಇದೇ ದೊರೆ 2014ರಲ್ಲಿ ಸಿಂಹಾಸನ ಬಿಟ್ಟು, ಹಣಕಾಸಿನ ಹಗರಣಗಳ ನಡುವೆ 2020ರಲ್ಲಿ ದೇಶವನ್ನೂ ಬಿಟ್ಟು ಅಬುಧಾಬಿ ಸೇರಿದ್ದು ಬೇರೆಯೇ ಕಥೆ.)

ಆ ರಾತ್ರಿ ಕಾರಿಯೊ ಮತ್ತು ಜನರಲ್ ಮೆಯಾದೊರನ್ನು ಬೇರೆ ಕೆಲವು ನಾಯಕರೊಂದಿಗೆ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದರು. 1936ರ ಮ್ಯಾಡ್ರಿಡ್‌ನಲ್ಲಿ ಕಾರಿಯೊ ಗಣರಾಜ್ಯದ ಪರ ನಗರದ ಭದ್ರತೆ ನೋಡಿಕೊಳ್ಳುತ್ತಿದ್ದವ. ಮೆಯಾದೊ ಅದೇ ನಗರದಲ್ಲಿ ಫ್ರಾಂಕೊನ ಪರ ಗುಪ್ತವಾಗಿ ದುಡಿದವರು. ಅಂದು ಒಬ್ಬರಿಗೊಬ್ಬರು ಸಿಕ್ಕಿದ್ದರೆ ಯಾರು ಉಳಿಯುತ್ತಿದ್ದರೋ!

ಇಷ್ಟಾದರೂ ಬೇರು ಇಳಿಯಿತೋ ಇಲ್ಲವೋ ತಿಳಿದದ್ದು 1982ರ ಅಕ್ಟೋಬರ್ 28ರ ಚುನಾವಣೆಯಲ್ಲಿ. ಮತದಾನದ ಹಿಂದಿನ ದಿನ ನಡೆಯಬೇಕಿದ್ದ ಮತ್ತೊಂದು ಸೇನಾ ಸಂಚು ಮೊದಲೇ ಬಯಲಾಗಿತ್ತು. ಸುಮಾರು ಶೇ. 80 ಮತದಾರರು ಬಂದರು. ಸಮಾಜವಾದಿಗಳಿಗೆ ಒಂದು ಕೋಟಿಗೂ ಹೆಚ್ಚು ಮತ, 202 ಸ್ಥಾನ. ಅಂತರ್ಯುದ್ಧದಲ್ಲಿ ಸೋತವರ ಪಕ್ಷ, ನಾಲ್ಕು ದಶಕ ನಿಷೇಧಕ್ಕೆ ಒಳಗಾಗಿದ್ದ ಪಕ್ಷ, ಒಂಟಿಯಾಗಿ ಅಧಿಕಾರಕ್ಕೆ ಬಂತು. ಆಳುವ ಯು.ಸಿ.ಡಿ. 168ರಿಂದ 11ಕ್ಕೆ ಕುಸಿಯಿತು. ಪ್ರಧಾನಿ ಕಾಲ್ವೊ ಸೊತೆಲೊಗೇ ಆ ರಾತ್ರಿ ಸ್ಥಾನ ದಕ್ಕಲಿಲ್ಲ. ಆತ ಡಿಸೆಂಬರ್‌ನಲ್ಲಿ ಗೊನ್ಸಾಲೆಸ್‌ಗೆ ಅಧಿಕಾರ ಒಪ್ಪಿಸಿ ಹೊರಟ. ಯಾವ ಬ್ಯಾರಕ್ಕಿನಿಂದಲೂ ಟ್ಯಾಂಕು ಹೊರಡಲಿಲ್ಲ. ಸೆರೆಯಲ್ಲಿದ್ದ ತೆಹೆರೊ ಕೂಡ ಒಂದು ಪಕ್ಷ ಕಟ್ಟಿ ಅದೇ ಸಂಸತ್ತಿಗೆ ಸ್ಪರ್ಧಿಸಿದ್ದ. ಇಡೀ ದೇಶದಲ್ಲಿ ಆ ಪಕ್ಷಕ್ಕೆ ಬಿದ್ದ ಮತ 30 ಸಾವಿರವೂ ಇಲ್ಲ. ಹದಿಮೂರು ವರ್ಷಕ್ಕೂ ಹೆಚ್ಚು ಆಳಿ 1996ರಲ್ಲಿ ಸೋತಾಗ ಗೊನ್ಸಾಲೆಸ್ ಕೂಡ ಹಾಗೆಯೇ ಎದ್ದು ಹೋದ. ಗೆದ್ದವರು ಫ್ರಾಗಾ ಕಟ್ಟಿದ ಪಕ್ಷದ ಮುಂದಿನ ಪೀಳಿಗೆಯವರು.

ಈ ನೆಮ್ಮದಿಗೆ ಒಂದು ಬೆಲೆಯಿತ್ತು. 1977ರ ಅಕ್ಟೋಬರ್‌ನ ಕ್ಷಮಾದಾನ ಕಾಯಿದೆ ರಾಜಕೀಯ ಕೈದಿಗಳನ್ನು ಬಿಡಿಸಿತು. ಜತೆಗೇ ಫ್ರಾಂಕೊ ಆಡಳಿತದಲ್ಲಿ ಹಿಂಸಿಸಿದ, ಕೊಂದ ಅಧಿಕಾರಿಗಳನ್ನೂ ನ್ಯಾಯಾಲಯದಿಂದ ಪಾರು ಮಾಡಿತು. ಅದಕ್ಕಾಗಿ ಹೆಚ್ಚು ಒತ್ತಾಯಿಸಿದವರು ಸೆರೆಮನೆ ಕಂಡಿದ್ದ ಎಡಪಂಥೀಯರೇ. ಹಳೆಯದನ್ನು ಕೆದಕಬಾರದೆಂಬುದು ಅಘೋಷಿತ ಒಪ್ಪಂದ. 1977ರಲ್ಲಿ ಬೇರೆ ದಾರಿ ಇತ್ತೇ ಎಂದರೆ, 1981ರ ಆ ಸಂಜೆಯ ಚಿತ್ರ ನೋಡಿದ ಮೇಲೆ, ಇತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ರಸ್ತೆ ಬದಿಯ ಗುಂಡಿಗಳಲ್ಲಿ ಹೆಸರಿಲ್ಲದೆ ಮಲಗಿದ್ದವರ ಮನೆಯವರನ್ನು ಯಾರೂ ಕೇಳಿರಲಿಲ್ಲ. 2000ದಲ್ಲಿ ಲಿಯೋನ್ ಪ್ರಾಂತ್ಯದ ಪ್ರಿಯಾರಾಂಸಾ ಎಂಬ ಊರಿನ ಬಳಿ ಒಬ್ಬ ಪತ್ರಕರ್ತ, 1936ರಲ್ಲಿ ಕೊಲೆಯಾದ ತನ್ನ ಅಜ್ಜನನ್ನು ಹುಡುಕಿ ಅಗೆಸಿದ. ಹದಿಮೂರು ಅಸ್ಥಿಪಂಜರಗಳು ಸಿಕ್ಕವು. ಅಜ್ಜನ ಗುರುತು ಡಿ.ಎನ್.ಎ. ಪರೀಕ್ಷೆಯಿಂದ ಖಚಿತವಾಯಿತು. ಆಮೇಲೆ ಊರೂರಿನಿಂದ ಇಂಥ ಅರ್ಜಿಗಳು ಬಂದವು. 2007ರಲ್ಲಿ ಒಂದು, 2022ರಲ್ಲಿ ಮತ್ತೊಂದು ಸ್ಮೃತಿ ಕಾನೂನು ಬಂತು.

ಬೃಹತ್ ಶಿಲುಬೆಯಡಿಯ ಭವ್ಯ ಸಮಾಧಿಯಿಂದ ಫ್ರಾಂಕೊನ ಅವಶೇಷವನ್ನು ಹೊರತೆಗೆಯುವ ಪ್ರಸ್ತಾವ 2018ರ ಸೆಪ್ಟೆಂಬರ್ 13ರಂದು ಅದೇ ಸಭಾಂಗಣಕ್ಕೆ, ಅದೇ ತೂತುಬಿದ್ದ ಚಾವಣಿಯ ಕೆಳಗೆ ಮತಕ್ಕೆ ಬಂತು. ಪರ 172, ವಿರೋಧ 2, ತಟಸ್ಥರು 164. ಮರುವರ್ಷ ಅಕ್ಟೋಬರ್ 24ರಂದು ಶವಪೆಟ್ಟಿಗೆಯನ್ನು ಮನೆಯವರು ಹೆಗಲ ಮೇಲೆ ಹೊತ್ತು ಹೊರತಂದರು. ಹೆಲಿಕಾಪ್ಟರಿನಲ್ಲಿ ಸಾಗಿಸಿ, ಊರ ಹೊರಗಿನ ಒಂದು ಸ್ಮಶಾನದಲ್ಲಿ ಆತನ ಹೆಂಡತಿಯ ಪಕ್ಕದಲ್ಲಿ ಇಡಲಾಯಿತು.